ಸ್ವಂತ ಬರಹಕ್ಕೆ ಓದುಗರನ್ನು ಸಂಪಾದಿಸುವ ಬಗೆ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಶಾಲೆಯಲ್ಲಿ ವಾಡಿಕೆಯಾಗಿ ಬಂದಿದೆ. ಕಟ್ಟಡದ ವಿಚಾರವನ್ನೂ ಪರೀಕ್ಷೆಯ ಫಲಿತಾಂಶವನ್ನೂ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಕೊಟ್ಟಿರುವುದರಿಂದ, ಈ ಸಾರಿ ನಾವು ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಈ ಪುಟಗಳನ್ನು ಉಪಯೋಗಿಸಿಕೊಳ್ಳುತ್ತೇವೆ.

ಆಕೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯವಳು. ನಮ್ಮಲ್ಲಿ ಓದುತ್ತಿದ್ದಾಗ ಪ್ರಬಂಧದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ತಂದೊಪ್ಪಿಸುತ್ತಿದ್ದವಳು. ಮದುವೆಯಾಗಿ, ಮಾವಿನ ತೋಪಿನ ಮನೆಯನ್ನು ಸೇರಿ, ಎರಡು ಮಕ್ಕಳ ತಾಯಿಯಾದ ಮೇಲೆಯೂ ಬರೆಯುವ ಆಸೆಯನ್ನು ಬಿಟ್ಟಿರಲಿಲ್ಲ. ಅಂತರ್ಜಾಲದಲ್ಲಿ ತನ್ನದೇ ಆದ ಪುಟವೊಂದನ್ನು ತೆರೆದು, ಮರ ಹೂ ಬಿಟ್ಟ ಕಾಲದಲ್ಲಿ ಮಂಜು ಕವಿದರೆ ಮನೆಯವರ ಮುಖ ಹೇಗಾಗುತ್ತದೆ, ಅತ್ತೆಯವರು ಹಾಕಿದ ಉಪ್ಪಿನಕಾಯಿ ಮೂರು ವರ್ಷ ಕೆಡದಿರುವುದಕ್ಕೆ ಕಾರಣವೇನು ಎಂಬಂಥ ಸಂಗತಿಗಳನ್ನು ಎರಡು ವರ್ಷ ಬರೆದಳು. ಕಳೆದ ಸಾರಿ ಹಳೆಯ ವಿದ್ಯಾರ್ಥಿನಿಯರ ಸಭೆಗೆ ಬಂದವಳು, "ನಿಲ್ಲಿಸಿಬಿಟ್ಟೆ, ಟೀಚರ್. ಕೋಟಿ ಜನ ಬರೆಯುವ ಸಂತೆಯಲ್ಲಿ ನನ್ನದನ್ನು ಯಾರು ಓದುತ್ತಾರೆ?" ಎಂದಳು. ನಾವು ಆಗ "ಬರೆಯುವುದನ್ನು ಬಿಡಬೇಡ, ಮಗು" ಎಂದಷ್ಟೇ ಹೇಳಿ ಕಳುಹಿಸಿದೆವು. ಅದು ಸಮಾಧಾನವೇ ಹೊರತು ಉತ್ತರವಲ್ಲವೆಂಬುದು ಅನಂತರ ನಮ್ಮ ಮನಸ್ಸನ್ನು ಚುಚ್ಚಿತು. ಬರೆಯಲು ಕಲಿಸಿದ ನಾವು, ಬರೆದುದನ್ನು ಓದುಗರಿಗೆ ಮುಟ್ಟಿಸುವ ಬಗೆಯನ್ನು ಆಕೆಗೆ ಕಲಿಸಿಯೇ ಇರಲಿಲ್ಲ.

ಆಕೆಯ ಪ್ರಶ್ನೆ ನ್ಯಾಯವಾದುದು. ಹಿಂದಿನ ಕಾಲದಲ್ಲಿ ಬರಹಗಾರರಿಗೆ ಕಾಗದ, ಮುದ್ರಣಾಲಯ, ಹಣ ಇವು ದುರ್ಲಭವಾಗಿದ್ದವು. ಓದುಗನಿಗೆ ಮಾತ್ರ ಬಿಡುವು ಇತ್ತು. ಈಗ ಕಾಗದವೂ ಬೇಕಿಲ್ಲ, ಮುದ್ರಣಾಲಯವೂ ಬೇಕಿಲ್ಲ. ದುರ್ಲಭವಾಗಿರುವುದು ಓದುಗನ ಬಿಡುವೊಂದೇ. ಆತನ ಕೈಯಲ್ಲಿರುವ ಯಂತ್ರದೊಳಕ್ಕೆ ಲೋಕದ ಎಲ್ಲ ವರ್ತಮಾನವೂ ಹಾಡೂ ಚಿತ್ರವೂ ಏಕಕಾಲದಲ್ಲಿ ನುಗ್ಗುತ್ತಿರುವಾಗ, ಹಳ್ಳಿಯ ಗೃಹಿಣಿಯೊಬ್ಬಳ ಪುಟವು ಅವನ ಕಣ್ಣಿಗೆ ಬೀಳುವುದಾದರೂ ಹೇಗೆ? ಆದರೆ ಈ ಕಷ್ಟವು ರೂಪದಲ್ಲಿ ಹೊಸದೇ ಹೊರತು ಸ್ವಭಾವದಲ್ಲಿ ಹೊಸದಲ್ಲ. ಓದುಗರು ತಾವಾಗಿ ಬಂದು ಬಾಗಿಲು ತಟ್ಟಿದ ಕಾಲವು ಕನ್ನಡದಲ್ಲಿ ಎಂದೂ ಇರಲಿಲ್ಲ. ನಮ್ಮ ಹಿರಿಯರು ಅವರನ್ನು ಒಬ್ಬೊಬ್ಬರನ್ನಾಗಿ ಹೇಗೆ ಸಂಪಾದಿಸಿದರೆಂಬುದನ್ನು ನೋಡಿದರೆ, ನಮಗೆ ಬೇಕಾದ ಮಾರ್ಗವು ತಾನಾಗಿಯೇ ಕಾಣುವುದು.

ಮೊದಲನೆಯದಾಗಿ, ಯಾರಿಗಾಗಿ ಬರೆಯುತ್ತೇವೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಸುಗ್ಗಿಯ ಕಾಲದಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ರಾಶಿ ರಾಶಿಯಾಗಿ ಹಣ್ಣು ಬಿದ್ದಿರುತ್ತದೆ. ಆದರೂ ಪ್ರತಿಯೊಂದು ರಾಶಿಗೂ ಅದರದೇ ಗಿರಾಕಿಯಿರುತ್ತಾನೆ. ರಸ ತೆಗೆಯುವ ಕಾರ್ಖಾನೆಯವನು ತೋತಾಪುರಿಯನ್ನು ಹುಡುಕುತ್ತಾನೆ. ಮನೆಯಲ್ಲಿ ಸೀಕರಣೆ ಮಾಡುವವರು ರಸಪೂರಿಯನ್ನು ಕೇಳುತ್ತಾರೆ. ದೂರದ ಪಟ್ಟಣಕ್ಕೆ ಕಳುಹಿಸುವವನು ಬಾದಾಮಿಯ ಕಡೆಗೆ ತಿರುಗುತ್ತಾನೆ. ಎಲ್ಲರಿಗೂ ಬೇಕಾದ ಹಣ್ಣನ್ನು ಬೆಳೆಯುತ್ತೇನೆಂದು ಹೊರಡುವ ರೈತನಿಲ್ಲ. ಎಲ್ಲರಿಗಾಗಿ ಬರೆಯುತ್ತೇನೆನ್ನುವವರು ಮಾತ್ರ ಬಹಳ ಮಂದಿ ಇದ್ದಾರೆ. ಕಡೆಗೆ ಅವರ ಬರಹ ಯಾರಿಗೂ ತಗಲುವುದಿಲ್ಲ.

ಕನ್ನಡದ ಮೊದಲನೆಯ ವೃತ್ತಪತ್ರಿಕೆಯೂ ಈ ವಿಚಾರದಲ್ಲಿ ನಮಗೆ ಪಾಠ ಹೇಳುತ್ತದೆ. 1843ನೆಯ ಇಸವಿ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದರು. ಅದು ಹದಿನೈದು ದಿನಗಳಿಗೊಂದು ಸಾರಿ ಬರುತ್ತಿದ್ದ ಪತ್ರಿಕೆ. ಅದನ್ನು ನಡೆಯಿಸಿದವರು ಪಾದ್ರಿಗಳಾಗಿದ್ದರೂ ಅದರಲ್ಲಿ ಉಪದೇಶವೊಂದನ್ನೇ ತುಂಬದೆ, ಊರ ವರ್ತಮಾನ, ಸರಕಾರದ ಕಟ್ಟಳೆ, ಪರರಾಜ್ಯದ ಸುದ್ದಿ, ಕಥೆ, ದಾಸರ ಪದ ಇವುಗಳನ್ನೂ ಸೇರಿಸಿದರು. ತಾವು ಹೇಳಬೇಕೆಂದಿದ್ದುದರ ಪಕ್ಕದಲ್ಲಿ ಓದುಗರು ಕೇಳಬೇಕೆಂದಿದ್ದುದನ್ನೂ ಇಟ್ಟರೆಂದು ಇದರಿಂದ ತಿಳಿಯುತ್ತದೆ. 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎನಿಸಿಕೊಂಡಿತು. ಒಂದು ಊರಿನ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂದಿತು. ಅಂದರೆ ಓದುಗನು ಯಾರೆಂಬ ಎಣಿಕೆಯೇ ಬದಲಾಯಿತು. ಪತ್ರಿಕೆಯು ಬಹುಕಾಲ ಬಾಳಲಿಲ್ಲ. ಆದರೂ ಆ ಜುಲೈ 1ನೆಯ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಇಂದಿಗೂ ಆಚರಿಸುತ್ತಿದ್ದೇವೆ.

ನಮ್ಮ ಸೀಮೆಯಲ್ಲಿ ಓದುಗರನ್ನು ಅರಿಯುವುದೆಂದರೆ ಇನ್ನೊಂದು ಸಂಗತಿಯನ್ನೂ ಅರಿಯಬೇಕಾಗುತ್ತದೆ. ಮುಳಬಾಗಿಲು ಶ್ರೀನಿವಾಸಪುರಗಳು ಆಂಧ್ರದ ಎಲ್ಲೆಗೂ ಮಾಲೂರು ತಮಿಳುನಾಡಿನ ಎಲ್ಲೆಗೂ ಹೊಂದಿಕೊಂಡಿವೆ. ನಮ್ಮ ತರಗತಿಗಳಲ್ಲಿ ಕನ್ನಡವನ್ನು ಓದಿ ಬರೆಯುವ ಹುಡುಗಿಯರಲ್ಲಿ ಅನೇಕರು ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಉರ್ದುವನ್ನೋ ಆಡುತ್ತಾರೆ. ಇದು ಕನ್ನಡ ಬರವಣಿಗೆಗೆ ಅಡ್ಡಿಯೆಂದು ಕೆಲವರು ಹೇಳುವುದುಂಟು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಅವರು ಎಂ.ಎ. ಪದವಿಗೆ ಓದಿದುದು ಇಂಗ್ಲಿಷ್. ಹಾಗಿದ್ದೂ ಅವರ ಸಣ್ಣ ಕಥೆಗಳು ಹಿರಿಯರೊಬ್ಬರು ಜಗಲಿಯ ಮೇಲೆ ಕುಳಿತು ಹೇಳಿದಂತೆ ಕನ್ನಡದಲ್ಲಿ ನಡೆಯುತ್ತವೆ. ಎದುರಿಗೆ ಕೇಳುವವನೊಬ್ಬನಿದ್ದಾನೆಂಬ ಜ್ಞಾನವು ಆ ಬರಹವನ್ನು ಎಲ್ಲಿಯೂ ಬಿಟ್ಟುಹೋಗುವುದಿಲ್ಲ. ಕೋಲಾರದ ಓದುಗಳಿಗಾಗಿ ಬರೆಯುವವರು ಹೀಗೆಯೇ ತಿಳಿಯಾದ ಕನ್ನಡದಲ್ಲಿ ಬರೆದರೆ, ಮನೆಮಾತು ಬೇರೆಯಾದವಳೂ ತನ್ನವಳೇ ಮಾತಾಡಿದಳೆಂದು ನಿಂತು ಓದುತ್ತಾಳೆ.

ಎರಡನೆಯದಾಗಿ, ನಮಗೆ ಮಾತ್ರ ತಿಳಿದಿರುವುದನ್ನು ಬರೆಯಬೇಕು. ದೇಶದ ರಾಜಕೀಯದ ಮೇಲೆಯೋ ನಟನಟಿಯರ ಮೇಲೆಯೋ ಬರೆಯುವವರಿಗೆ ಕೊರತೆಯಿಲ್ಲ. ಆ ಜಾತ್ರೆಯಲ್ಲಿ ನಮ್ಮ ಧ್ವನಿ ಕೇಳಿಸದಿದ್ದರೆ ಆಶ್ಚರ್ಯವಿಲ್ಲ. ಆದರೆ ತನ್ನ ತೋಪಿನಲ್ಲಿ ಹೂವಿಗೆ ಬೂದಿರೋಗ ತಗಲಿದ ದಿನ ಏನು ಮಾಡಿದರು, ಏನು ಮಾಡದೆ ಕೆಟ್ಟರು ಎಂಬುದನ್ನು ನಮ್ಮ ವಿದ್ಯಾರ್ಥಿನಿಯ ಹೊರತು ಬೇರಾರು ಬರೆಯಬಲ್ಲರು? ರೇಷ್ಮೆಹುಳುವನ್ನು ಸಾಕುವ ಮನೆಯವಳು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿ, ದಿನವೂ ಕೋಲಾರದಿಂದ ಬೆಂಗಳೂರಿಗೆ ಹೋಗಿ ಬರುವ ಗುಮಾಸ್ತೆ, ಹೀಗೆ ಪ್ರತಿಯೊಬ್ಬರಲ್ಲಿಯೂ ಬೇರೆಲ್ಲಿಯೂ ಸಿಕ್ಕದ ಸಂಗತಿಯೊಂದಿದೆ. ಓದುಗನು ಜಾತ್ರೆಯನ್ನು ಬಿಟ್ಟು ನಮ್ಮ ಸಂದಿಗೆ ಬರುವುದು ಅದಕ್ಕಾಗಿಯೇ.

ಮೂರನೆಯದು, ಹೇಳಿದ ದಿನಕ್ಕೆ ಹೇಳಿದಂತೆ ಬರುವುದು. ಹಾಲಿನವನು ಮೂರು ದಿನ ಬಂದು ನಾಲ್ಕು ದಿನ ತಪ್ಪಿಸಿದರೆ ಮನೆಯವರು ಬೇರೊಬ್ಬನನ್ನು ಗೊತ್ತುಮಾಡಿಕೊಳ್ಳುತ್ತಾರೆ, ಓದುಗರೂ ಹಾಗೆಯೇ. ಬೆಂಗಳೂರಿನ ಆರ್. ಕಲ್ಯಾಣಮ್ಮನವರು ಬಾಲವಿಧವೆ, ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಓದುವ ಅವಕಾಶವೇ ವಿರಳವಾಗಿತ್ತು. ಆದರೂ ಅವರು 1921ರಲ್ಲಿ ಸ್ತ್ರೀಯರಿಗಾಗಿ 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿ ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಯಿಸಿದರು. ಮಾಸ್ತಿಯವರೂ ಸರಕಾರದ ಉನ್ನತ ಹುದ್ದೆಯನ್ನು ಬಿಟ್ಟ ತರುವಾಯ 1944ರಿಂದ 1965ರ ವರೆಗೆ 'ಜೀವನ' ಪತ್ರಿಕೆಯ ಭಾರವನ್ನು ಹೊತ್ತರು. ಇಂಥ ಕೆಲಸದಲ್ಲಿ ಮೊದಲನೆಯ ಸಂಚಿಕೆಗೆ ಬೇಕಾದುದು ಉತ್ಸಾಹ. ಐವತ್ತನೆಯ ಸಂಚಿಕೆಗೆ ಬೇಕಾದುದು ನಿಷ್ಠೆ. ದಿನಕ್ಕೊಂದು ಬರೆಯಲಾಗದವಳು ತಿಂಗಳಿಗೊಂದು ಬರೆಯಲಿ. ಆದರೆ ತಿಂಗಳ ಮೊದಲನೆಯ ಶನಿವಾರವೆಂದು ಗೊತ್ತುಮಾಡಿದ ಮೇಲೆ ಆ ಶನಿವಾರವನ್ನು ತಪ್ಪಿಸಬಾರದು.

ನಾಲ್ಕನೆಯದು, ಓದುಗರು ಇರುವ ಸ್ಥಳಕ್ಕೆ ನಾವೇ ಹೋಗುವುದು. ಇದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ. ಕನ್ನಡಕ್ಕೆ ಕಾದಂಬರಿಯ ರುಚಿಯನ್ನು ಹತ್ತಿಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದ ಸಂಗತಿಯನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ. ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನೀ' ಎಂಬ ಪತ್ರಿಕೆಯನ್ನೂ ನಡೆಯಿಸಿದರು. ಪುಸ್ತಕದ ಅಂಗಡಿಗೆ ಹೋಗುವ ಅಭ್ಯಾಸವೇ ಇಲ್ಲದ ಹೆಂಗಸರಿಗಾಗಿ ಅವರು ಬರೆದುದರಿಂದ, ಪುಸ್ತಕವೇ ಮನೆಯೊಳಕ್ಕೆ ಹೋಗಬೇಕಾಗಿತ್ತು.

ಈ ತತ್ತ್ವವನ್ನು ನಾವು ಕಲಿತುದು ನಮ್ಮ ತಪ್ಪಿನಿಂದಲೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಶಾಲೆಯಲ್ಲಿ ಒಂದು ಭಿತ್ತಿಪತ್ರಿಕೆಯನ್ನು ಆರಂಭಿಸಿದೆವು. ಅದಕ್ಕೆ ಗೌರವದ ಸ್ಥಾನ ಕೊಡಬೇಕೆಂದು ನಮ್ಮ ಕಚೇರಿಯ ಎದುರಿನ ಪಡಸಾಲೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ಹಾಕಿಸಿದೆವು. ಮೊದಲನೆಯ ತಿಂಗಳಲ್ಲಿ ಅದರ ಎದುರಿಗೆ ನಿಂತು ಓದಿದವರು ನಾವೂ ಜವಾನನೂ ಮಾತ್ರ. ಈಗಿನ ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಉಪಾಧ್ಯಾಯಿನಿಯರ ಸಭೆಯಲ್ಲಿ ದೂರಿಯೂ ದೂರಿದೆವು. ಕಡೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಕೇಳಲಾಗಿ, "ಅಲ್ಲಿ ನಿಂತರೆ ನೀವು ಒಳಕ್ಕೆ ಕರೆಯುತ್ತೀರೆಂದು ಭಯ, ಟೀಚರ್" ಎಂದಳು. ಮಾರನೆಯ ದಿನವೇ ಪತ್ರಿಕೆಯನ್ನು ಕುಡಿಯುವ ನೀರಿನ ನಲ್ಲಿಯ ಪಕ್ಕದ ಗೋಡೆಗೆ ವರ್ಗಾಯಿಸಿದೆವು. ಅಲ್ಲಿ ಹುಡುಗಿಯರು ಸಾಲಾಗಿ ನಿಂತು ತಮ್ಮ ಸರದಿಗಾಗಿ ಕಾಯಬೇಕು. ಕಾಯುವ ಕಣ್ಣಿಗೆ ಓದಲು ಏನಾದರೂ ಬೇಕು. ಒಂದೇ ವಾರದಲ್ಲಿ, ನೀರು ತುಂಬಿದ ಮೇಲೆಯೂ ನಲ್ಲಿಯ ಬಳಿಯಿಂದ ಕದಲದಿರುವ ಹುಡುಗಿಯರನ್ನು ತರಗತಿಗೆ ಅಟ್ಟಬೇಕಾಯಿತು. ಬರಹವೂ ಅದೇ, ಓದುಗರೂ ಅವರೇ. ಬದಲಾದುದು ಗೋಡೆ ಮಾತ್ರ.

ಅದೇ ಪತ್ರಿಕೆಯಲ್ಲಿ 'ಅಜ್ಜಿಯ ಮಾತು' ಎಂಬ ಅಂಕಣವನ್ನು ತೆರೆದು, ಮನೆಯಲ್ಲಿ ಹಿರಿಯರಾಡುವ ಗಾದೆಯೊಂದನ್ನು ಯಾವ ಭಾಷೆಯದಾದರೂ ಕನ್ನಡ ಲಿಪಿಯಲ್ಲಿ ಬರೆದು ಅರ್ಥವನ್ನು ಹೇಳಬೇಕೆಂದು ನಿಯಮ ಮಾಡಿದೆವು. ಶುಲ್ಕ ಕಟ್ಟಲು ಬಂದ ತಾಯಂದಿರು ತಮ್ಮ ಅತ್ತೆಯವರ ಮಾತು ಶಾಲೆಯ ಗೋಡೆಯ ಮೇಲಿರುವುದನ್ನು ಕಂಡು ನಿಂತು ಓದಿದರು. ಓದು ಬಾರದವರು ಮಗಳಿಂದ ಓದಿಸಿ ಕೇಳಿದರು. ನಾವು ಕರೆಯದೆಯೇ ಓದುಗರು ಬಂದುದು ಅದೇ ಮೊದಲು.

ಐದನೆಯದು, ಓದುಗರಿಗೂ ಮಾತಾಡಲು ಎಡೆ ಕೊಡುವುದು. ಮೂರು ಶತಮಾನಗಳ ಹಿಂದೆ ಲಂಡನ್ ನಗರದಲ್ಲಿ ಸಣ್ಣ ಪತ್ರಿಕೆಗಳ ಗದ್ದಲವು ವಿಪರೀತವಾಗಿತ್ತು. 1711ರಲ್ಲಿ ಅಡಿಸನ್ ಮತ್ತು ಸ್ಟೀಲ್ ಎಂಬವರು 'ಸ್ಪೆಕ್ಟೇಟರ್' ಎಂಬ ದಿನಪತ್ರಿಕೆಯನ್ನು ಆರಂಭಿಸಿದರು. ಅದು ಒಂದೇ ಹಾಳೆಯ ಪತ್ರಿಕೆ; ಒಂದೊಂದು ದಿನಕ್ಕೆ ಒಂದೊಂದು ಪ್ರಬಂಧ. ದಿನಕ್ಕೆ 3,000 ಪ್ರತಿಗಳು ಹಂಚಿಹೋಗುತ್ತಿವೆಯೆಂದೂ ಒಂದೊಂದು ಪ್ರತಿಗೆ ಇಪ್ಪತ್ತು ಮಂದಿ ಓದುಗರನ್ನು ಹಿಡಿಯಬಹುದೆಂದೂ ಅಡಿಸನ್ನರು ಅದರಲ್ಲಿ ಬರೆದರು. ಏಕೆಂದರೆ ಕಾಫಿಯ ಅಂಗಡಿಗಳಲ್ಲಿ ಒಂದೇ ಹಾಳೆಯು ಕೈಯಿಂದ ಕೈಗೆ ಹೋಗುತ್ತಿತ್ತು. ಓದುಗರ ಕಾಗದಗಳಿಗೆ ಆ ಪತ್ರಿಕೆಯಲ್ಲಿ ಧಾರಾಳವಾಗಿ ಸ್ಥಳವಿತ್ತು. 1713ರಲ್ಲಿ 'ಗಾರ್ಡಿಯನ್' ಎಂಬ ಮತ್ತೊಂದು ಪತ್ರಿಕೆಯನ್ನು ನಡೆಯಿಸುತ್ತಿದ್ದಾಗ, ಬಟನ್ ಎಂಬವನ ಕಾಫಿಯ ಅಂಗಡಿಯಲ್ಲಿ ಸಿಂಹದ ತಲೆಯೊಂದನ್ನು ಇರಿಸಿದರು. ಪತ್ರಿಕೆಗೆ ಕಾಗದ ಬರೆಯುವವರು ಅದರ ಬಾಯೊಳಕ್ಕೆ ಹಾಕಿ ಹೋಗಬಹುದಾಗಿತ್ತು. ಕಾಗದ ಬರೆದವನು ತನ್ನ ಮಾತು ಅಚ್ಚಾಯಿತೇ ಎಂದು ಮುಂದಿನ ಪತ್ರಿಕೆಯನ್ನು ನೋಡದಿರುವನೇ?

ಇದನ್ನು ಓದಿದ ಮೇಲೆ ನಾವೂ ನಲ್ಲಿಯ ಬಳಿ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು, ಅದಕ್ಕೆ ಸಿಂಹದ ಮುಖವನ್ನು ಬರೆಯಿಸಿದೆವು. ಮೊದಲು ಬಿದ್ದ ಚೀಟಿಗಳಲ್ಲಿ ಹೊಗಳಿಕೆಯೊಂದೂ ಇರಲಿಲ್ಲ. ಅಕ್ಷರ ಬಹಳ ಚಿಕ್ಕದು, ಕಥೆಗಳೆಲ್ಲ ನೀತಿಯಲ್ಲಿಯೇ ಮುಗಿಯುತ್ತವೆ ಎಂದಿದ್ದವು. ಎರಡೂ ನಿಜವಾದ ಮಾತುಗಳೇ. ಅಕ್ಷರವನ್ನು ದೊಡ್ಡದು ಮಾಡಿ, ನೀತಿಯನ್ನು ಸ್ವಲ್ಪ ಕಡಮೆ ಮಾಡಿದೆವು. ಹಾಗೆಯೇ, ಬರೆಯುವವಳು ಇತರರ ಬರಹವನ್ನೂ ಓದಿ ಅವರಿಗೆ ಎರಡು ಸಾಲು ಬರೆಯತಕ್ಕದ್ದು. ಯಾರ ಮನೆಗೂ ಹೋಗದವಳು ತನ್ನ ಮನೆಯ ಸಮಾರಂಭಕ್ಕೆ ಜನ ಬರಲಿಲ್ಲವೆಂದರೆ ಹೇಗೆ?

ಇನ್ನು ಅಂತರ್ಜಾಲದಲ್ಲಿ ಬರೆಯುವವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇವೆ. ಅಲ್ಲಿ ಓದುಗನು ತನಗೆ ಬೇಕಾದುದನ್ನು ಹುಡುಕುವ ಯಂತ್ರದ ಮೂಲಕ ಹುಡುಕುತ್ತಾನೆ. ಆ ಯಂತ್ರಕ್ಕೆ ಸುಲಭವಾಗಿ ಸಿಕ್ಕುವುದು ಯೂನಿಕೋಡ್ ಕ್ರಮದಲ್ಲಿ ಬೆರಳಚ್ಚು ಮಾಡಿದ ಅಕ್ಷರ. ಕಾಗದದ ಮೇಲೆ ಬರೆದು ಅದರ ಚಿತ್ರವನ್ನು ತೆಗೆದು ಹಾಕಿದರೆ, ಮನುಷ್ಯರು ಅದನ್ನು ಓದಬಲ್ಲರಾದರೂ ಹುಡುಕುವವರ ಕೈಗೆ ಅದು ಸಿಕ್ಕುವ ಭರವಸೆಯಿಲ್ಲ. ಯೂನಿಕೋಡ್ ಬರುವುದಕ್ಕೆ ಮುಂಚಿನ ಕನ್ನಡ ಲಿಪಿವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದುದು ಬೇರೆಯವರ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣಬಹುದು. ಆದಕಾರಣ ಅಂಥ ಬರಹಗಳನ್ನು ಯೂನಿಕೋಡಿಗೆ ಮಾರ್ಪಡಿಸಿಯೇ ಹಾಕಬೇಕು. ತಲೆಬರಹದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ನಮ್ಮ ವಿದ್ಯಾರ್ಥಿನಿಯ ಬರಹಗಳಿಗೆ 'ಮನದಾಳದ ಮಾತು', 'ಭಾವಲಹರಿ' ಎಂಬ ಹೆಸರುಗಳಿದ್ದವು. ಮಾವಿನ ಹೂ ಉದುರುತ್ತಿರುವ ರೈತನು 'ಭಾವಲಹರಿ' ಎಂದು ಹುಡುಕುವನೇ? 'ಮಾವಿನ ಹೂವಿಗೆ ಬೂದಿರೋಗ ಬಂದಾಗ ನಮ್ಮ ತೋಪಿನಲ್ಲಿ ಮಾಡಿದ್ದು' ಎಂದಿದ್ದರೆ, ಹುಡುಕುವವನ ಬಾಯಲ್ಲಿರುವ ಮಾತೇ ತಲೆಬರಹದಲ್ಲಿ ಇದ್ದಂತಾಗುತ್ತಿತ್ತು. ತಲೆಬರಹವೆಂಬುದು ಮನೆಯ ಬಾಗಿಲಿನ ಫಲಕವಿದ್ದಂತೆ. ಒಳಗೆ ಯಾರಿದ್ದಾರೆಂಬುದನ್ನು ಅದು ಹೇಳಬೇಕು.

ತಂದೆತಾಯಿಗಳಿಗೂ ಒಂದು ಮಾತು. ಹೆಣ್ಣುಮಕ್ಕಳು ಹತ್ತು ಜನ ಓದುವಂತೆ ಬರೆದರೆ ತೊಂದರೆ ಬರಬಹುದೆಂಬ ನಿಮ್ಮ ಭಯವು ನಿರಾಧಾರವಲ್ಲ. ಆದರೆ ಅದಕ್ಕೆ ಔಷಧವು ಎಚ್ಚರಿಕೆಯೇ ಹೊರತು ಮೌನವಲ್ಲ. ಮನೆಯ ವಿಳಾಸ, ಫೋನಿನ ಸಂಖ್ಯೆ, ಮಕ್ಕಳ ಭಾವಚಿತ್ರ, ಶಾಲೆಗೆ ಹೋಗಿ ಬರುವ ಹೊತ್ತು ಇವುಗಳನ್ನು ಬರಹದಲ್ಲಿ ಸೇರಿಸಬಾರದು. ಬೇಕಾದರೆ ಕಾವ್ಯನಾಮವನ್ನು ಇಟ್ಟುಕೊಳ್ಳಬಹುದು. ಮಾಸ್ತಿಯವರೂ 'ಶ್ರೀನಿವಾಸ' ಎಂಬ ಹೆಸರಿನಿಂದ ಬರೆದವರೇ. ನೆರೆಹೊರೆಯವರ ಮನೆಯ ಗುಟ್ಟನ್ನು ಬರೆದರೆ ಓದುಗರು ಬೇಗ ಸೇರುವರು; ಸುಳ್ಳು ಸುದ್ದಿಯನ್ನು ಹಬ್ಬಿಸಿದರೂ ಸೇರುವರು; ಬೇರೆಯವರ ಬರಹವನ್ನು ಕದ್ದು ತನ್ನದೆಂದು ತೋರಿಸುವವರಿಗೂ ಜನ ಸಿಕ್ಕುವರು. ಹಾಗೆ ಸೇರಿದವರು ಜನಸಂದಣಿಯೇ ಹೊರತು ಓದುಗರಲ್ಲ. ಗದ್ದಲ ಮುಗಿದ ಕೂಡಲೆ ಅವರು ಮತ್ತೊಂದು ಗದ್ದಲದ ಕಡೆಗೆ ಹೊರಟುಹೋಗುತ್ತಾರೆ.

ಹಾಗಾದರೆ ಎಷ್ಟು ಮಂದಿ ಓದುಗರಾದರೆ ಸಾಕು? ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದವರಲ್ಲ. ಪತ್ರಿಕೆಗಳಲ್ಲಿ ದುಡಿದು, 1913ರಲ್ಲಿ ಬೆಂಗಳೂರಿನಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಸ್ಥಾಪಿಸಿದರು. ಪತ್ರಿಕೆಯು ನಿಂತ ಮೇಲೂ ಅವರ ಓದುಗರು ಉಳಿದರು. 1943ರಲ್ಲಿ 'ಮಂಕುತಿಮ್ಮನ ಕಗ್ಗ'ವನ್ನು ಪ್ರಕಟಿಸಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಅಲ್ಲಿ ಆಸಕ್ತರೊಡನೆ ಕುಳಿತು ಗ್ರಂಥಗಳನ್ನು ಓದಿ ವಿಚಾರ ಮಾಡುತ್ತಿದ್ದರು. ಅಂಥ ಗೋಷ್ಠಿಯಲ್ಲಿ ಒಂದು ಕೊಠಡಿಯಲ್ಲಿ ಹಿಡಿಯುವಷ್ಟು ಜನರೇ ಇರುವುದು. ಕಗ್ಗವಾದರೋ ಓದಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಇಂದು ಮನೆಮನೆಯ ಪುಸ್ತಕವಾಗಿದೆ. ಒಬ್ಬ ನಿಜವಾದ ಓದುಗನು ಇನ್ನಿಬ್ಬರನ್ನು ಕರೆತರುತ್ತಾನೆ. ಆದಕಾರಣ ಮೊದಲನೆಯ ಹತ್ತು ಮಂದಿಯನ್ನು ಅಲ್ಪವೆಂದು ಎಣಿಸಬಾರದು.

ಈ ಮಾತುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ನಮ್ಮ ಶ್ರೀನಿವಾಸಪುರದ ವಿದ್ಯಾರ್ಥಿನಿಗೆ ಕಳುಹಿಸಿದೆವು. ಎರಡು ತಿಂಗಳು ಉತ್ತರ ಬರಲಿಲ್ಲ. ಅನಂತರ ಬಂದ ಉತ್ತರದಲ್ಲಿ ಆಕೆ ಹೀಗೆ ತಿಳಿಸಿದ್ದಳು: ತಲೆಬರಹಗಳನ್ನು ಬದಲಾಯಿಸಿದ್ದಾಳೆ, ತಿಂಗಳಿಗೊಂದರಂತೆ ಪುನಃ ಬರೆಯತೊಡಗಿದ್ದಾಳೆ, ಓದುವವರು ಈಗಲೂ ಹೆಚ್ಚಿಲ್ಲ. ಆದರೆ ಪಕ್ಕದ ಹೋಬಳಿಯ ರೈತರೊಬ್ಬರು ಬೂದಿರೋಗದ ಲೇಖನವನ್ನು ಓದಿ, ತಮ್ಮ ತೋಪಿನಲ್ಲಿ ಕಂಡುದು ಬೇರೆಯೆಂದು ಉದ್ದವಾಗಿ ಬರೆದು ಕಳುಹಿಸಿದ್ದರಂತೆ. ಮುಂದಿನ ಲೇಖನವನ್ನು ಆ ಉತ್ತರದ ಮೇಲೆಯೇ ಬರೆಯುತ್ತಿದ್ದೇನೆಂದು ಆಕೆ ಕಾಗದವನ್ನು ಮುಗಿಸಿದ್ದಳು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಬರೆಯುವವರು ಅನೇಕರಿದ್ದಾರೆ. ಬರೆದು ನಿಲ್ಲಿಸಿದವರು ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಆದಕಾರಣ ನಿಮ್ಮೊಡನೆ ಓದಿದ ಒಬ್ಬಳ ಬರಹವನ್ನು ಈ ತಿಂಗಳು ಹುಡುಕಿ ಓದಿರಿ. ಓದಿ, ಎರಡು ಸಾಲು ಬರೆದು ಆಕೆಗೆ ಕಳುಹಿಸಿರಿ. ಬರೆಯುವವಳಿಗೆ ಮೊದಲು ಬೇಕಾಗಿರುವುದು ಆ ಎರಡು ಸಾಲು.